ಹನ್ನೊಂದು ಗಂಟೆಯ ಧ್ವನಿಮುದ್ರಣ

ಗಂಡ ತೀರಿಕೊಂಡ ಮೂರು ತಿಂಗಳಿಗೆ ಆಕೆ ಅವರ ಕಂಪ್ಯೂಟರ್ ಆನ್ ಮಾಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು. ಮೇಜಿಗೆ ಅಂಟಿಸಿದ್ದ ಚೀಟಿಯಲ್ಲಿ ಇದ್ದಂತೆ ಹೆಸರು, ಪಾಸ್‌ವರ್ಡ್, ಕೊನೆಗೆ ಡೆಸ್ಕ್‌ಟಾಪ್ ತೆರೆಸುವ ‘ಸ್ಟಾರ್ಟ್‌ಎಕ್ಸ್’ ಎಂಬ ಆಜ್ಞೆ ಟೈಪ್ ಮಾಡಿದಳು. ನಾಲ್ಕು ಸಲ ಪ್ರಯತ್ನಿಸಿದರೂ ಡೆಸ್ಕ್‌ಟಾಪ್ ಬರಲಿಲ್ಲ. ಅಕ್ಕನ ಮಗಳಿಗೆ ಫೋನ್ ಮಾಡಿದಳು. ಗ್ರಂಥಾಲಯವೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಆಕೆ ಭಾನುವಾರ ಬೆಳಿಗ್ಗೆ ಬಂದಳು.

“ಎಲ್ಲರ ಕಂಪ್ಯೂಟರೂ ಗುಂಡಿ ಒತ್ತಿದ್ರೆ ಏಳುತ್ತೆ. ನಿನ್ನ ಚಿಕ್ಕಪ್ಪಂದನ್ನ ಮಾತ್ರ ಹೆಸರು ಹಿಡಿದು ಕರೀಬೇಕು.”

“ಮುದಿ ಯಂತ್ರ, ಚಿಕ್ಕಮ್ಮ. ಭಾರ ಆಗದಿರ್ಲಿ ಅಂತ ಹಾಗಿಟ್ಟಿದಾರೆ.”

ಅಕ್ಕನ ಮಗಳು ಮೊದಲು ಪರದೆಯನ್ನು ನಡೆಸುವ ಡ್ರೈವರ್ ತಂತ್ರಾಂಶ ಕೆಟ್ಟಿರಬಹುದೆಂದುಕೊಂಡಳು. ಅದು ಸರಿಯಿತ್ತು. ಆಮೇಲೆ ಡಿಸ್ಕ್ ನೋಡಿದಳು: ನೂರಕ್ಕೆ ನೂರು ತುಂಬಿತ್ತು.

“ಸೂಜಿ ಊರೋಕೂ ಜಾಗ ಇಲ್ಲ. ಡೆಸ್ಕ್‌ಟಾಪ್ ಶುರುವಾಗೋವಾಗ ಒಂದು ಚಿಕ್ಕ ಫೈಲ್ ಬರೀಬೇಕು. ಅದಕ್ಕೂ ಎಡೆ ಸಿಗ್ತಿಲ್ಲ.”

ಗಾತ್ರದ ಪ್ರಕಾರ ಫೈಲ್‌ಗಳ ಪಟ್ಟಿ ತೆಗೆದಳು. ಎಲ್ಲಕ್ಕಿಂತ ಮೇಲಿದ್ದುದು ಹನ್ನೊಂದು ಗಂಟೆಯ ಒಂದೇ ಧ್ವನಿಮುದ್ರಣ. ತಾರೀಖು ಚಿಕ್ಕಪ್ಪ ಸತ್ತ ದಿನದ್ದು. ಅಂದು ಅದನ್ನು ನಿಲ್ಲಿಸುವುದು ಯಾರಿಗೂ ಹೊಳೆದಿರಲಿಲ್ಲ; ಡಿಸ್ಕ್ ತುಂಬುವವರೆಗೂ ಓಡಿತ್ತು.

“ಅದೇ ಬೇಕಾಗಿತ್ತು ನನಗೆ,” ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಕಣ್ಣಿಲ್ಲದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುತ್ತಿದ್ದರು. ಕೋಣೆಯ ಬಾಗಿಲು ಮುಚ್ಚಿದ್ದರೆ ಯಾರೂ ತೆರೆಯಬಾರದು, ಒಳಗಿಂದ ಕೂಗಿದರೂ ಓಗೊಡಬಾರದು ಎಂಬುದು ಅವರ ನಿಯಮ. ಕಥೆಯಲ್ಲಿ ಎಷ್ಟೋ ಜನ ಕೂಗುತ್ತಾರೆ, ಅವರೆಲ್ಲರ ದನಿಯೂ ಚಿಕ್ಕಪ್ಪನದೇ. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಗುನುಗುತ್ತಾ ಕಾಳು ಆರಿಸುತ್ತಿದ್ದ ಚಿಕ್ಕಮ್ಮನಿಗೆ “ಸ್ವಲ್ಪ ಬಾ ಇಲ್ಲಿ” ಎಂದದ್ದು ಕೇಳಿಸಿತ್ತು. ಚೆನ್ನಾಗಿ ಓದುತ್ತಿದ್ದಾರೆ ಎಂದುಕೊಂಡಿದ್ದಳು. ಬಾಗಿಲು ತೆರೆದದ್ದು ಒಂದು ಗಂಟೆಯ ನಂತರ.

ಇದನ್ನು ಯಾರಿಗೂ ಹೇಳಿರಲಿಲ್ಲ. ಅಂದು ಅವರು ಓದುತ್ತಿದ್ದ ಪುಸ್ತಕ ತೆರೆಯುವ ಧೈರ್ಯವೂ ಬಂದಿರಲಿಲ್ಲ. ಈಗ ಅಕ್ಕನ ಮಗಳಿಗೆ ಹೇಳಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಳು.

“ಆ ಮಾತು ಪುಸ್ತಕದ್ದೇ ಇರುತ್ತೆ, ಚಿಕ್ಕಮ್ಮ.”

“ಇದ್ರೆ ಒಳ್ಳೇದು. ಹಾಕು.”

ಅವಳು ಫೈಲನ್ನು ಪೆನ್‌ಡ್ರೈವಿಗೆ ಸಾಗಿಸಿ ಮತ್ತೆ ಆಜ್ಞೆ ಕೊಟ್ಟಳು. ಡೆಸ್ಕ್‌ಟಾಪ್ ತೆರೆದುಕೊಂಡಿತು. ಧ್ವನಿಮುದ್ರಣ ಹಾಕಿದಳು.

“ಪುಟ ನೂರ ಹನ್ನೆರಡು,” ಎಂದಿತು ಚಿಕ್ಕಪ್ಪನ ದನಿ. ಚಿಕ್ಕಮ್ಮನ ಬೆರಳು ಸಾಲಿನಿಂದ ಸಾಲಿಗೆ ಜೊತೆಯಾಗಿ ನಡೆಯಿತು. ಎರಡು ಕಡೆ ಅವರು ತಪ್ಪಿ, ತಿದ್ದಿ ಓದಿದರು. ಪುಟ ನೂರ ಹತ್ತೊಂಬತ್ತರಲ್ಲಿ ದೋಣಿಯೊಂದು ದಡ ಬಿಡುವುದಿತ್ತು. ವಾಕ್ಯದ ನಡುವೆ ದನಿ ನಿಂತಿತು.

“ಸ್ವಲ್ಪ ಬಾ ಇಲ್ಲಿ.”

ಬೆರಳು ಆ ಸಾಲು ಮುಗಿಸಿತು, ಕೆಳಗಿನದನ್ನೂ ಹುಡುಕಿತು. ಪುಟದ ಕೊನೆಯವರೆಗೂ ದೋಣಿ ಮಾತ್ರ ಇತ್ತು.

ಕುರ್ಚಿ ಸರಿದ ಸದ್ದು. ಆಮೇಲೆ ದೂರದಿಂದ, ಗೋಡೆಯಾಚೆಯಿಂದ, ಒಬ್ಬ ಹೆಂಗಸು ಗುನುಗುವುದು ಸಣ್ಣಗೆ ಕೇಳಿಸಿತು.

ಅಕ್ಕನ ಮಗಳು ಮೌಸ್‌ಗೆ ಕೈ ಹಾಕಿದಳು. “ನಿಲ್ಲಿಸ್ಲಾ?”

“ಬೇಡ.” ಚಿಕ್ಕಮ್ಮ ಪುಸ್ತಕ ಮುಚ್ಚಿ, ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡಳು. “ನಾನು ಬಾಗಿಲು ತೆಗೆಯೋಕೆ ಇನ್ನೂ ಒಂದು ಗಂಟೆ ಇದೆ. ಅಲ್ಲೀತನಕ ಅವರ ಜೊತೆ ಕೂತಿರ್ತೀನಿ.”