ಎರಡೂ ಎಡತೋಳು

ಕ್ಷಮಿಸಬೇಕು, ಇದನ್ನು ಹೇಳಲು ನನಗೆ ಮುಖವಿಲ್ಲ — ಯಾರನ್ನು ಕೇಳುತ್ತಿದ್ದೇನೆ, ಮನಸ್ಸಿನೊಳಗಿನ ಮಾತಿಗೂ ಕ್ಷಮೆ ಕೇಳುವ ಚಾಳಿ ನನ್ನದು — ಅಕ್ಕನ ಹೊಲಿಗೆಯಂತ್ರದ ಚಕ್ರ ಇನ್ನೂ ತಿರುಗುತ್ತಿದೆ, ಕಾಲು ತೆಗೆದ ಮೇಲೂ, ಈಗ ನಿಂತಿತು, ಅಂಗಡಿಯವರೆಲ್ಲ ನನ್ನತ್ತಲೇ ತಿರುಗಿದ್ದಾರೆ, ಮರದ ಅಳತೆಪಟ್ಟಿ ನನ್ನ ಕೈಯಲ್ಲೇ ಇದೆ, ಅಕ್ಕನ ಮಣಿಕಟ್ಟಿನ ಮೇಲೆ ಕೆಂಪು ಗೆರೆ. ಒಡಹುಟ್ಟಿದವಳಲ್ಲ, ನನಗೆ ಕತ್ತರಿ ಹಿಡಿಯಲು ಕಲಿಸಿದವಳು. ಹೊಡೆಯುವಂಥದ್ದು ಏನಾಗಿತ್ತು, ಬಟ್ಟೆ ಸಾಲದೆಂದು ಮಡಿಸದೆ ಒಂದೊಂದೇ ತೋಳು ಕತ್ತರಿಸಿದೆ, ಎರಡನೆಯದಕ್ಕೆ ಮಾದರಿ ಕಾಗದವನ್ನು ಮಗುಚಲು ಮರೆತೆ, ಎರಡೂ ಎಡತೋಳಾದವು, ಅಕ್ಕ ಎತ್ತಿ ತೋರಿಸಿದಳು, ಏನೇ ಪಂಡಿತೆ, ಗಿರಾಕಿ ಬಲಗೈನ ಮನೇಲೇ ಬಿಟ್ಟು ಬರ್ಬೇಕಾ, ಎಲ್ಲರೂ ನಕ್ಕರು, ನಾನೂ ನಗಲೆಂದೇ ಬಾಯಿ ತೆರೆದೆ, ಅಷ್ಟರಲ್ಲಿ ಪಟ್ಟಿ ಹಿಡಿದ ಕೈ ಬೀಸಿಹೋಗಿತ್ತು.

ಅಪ್ಪನೂ ದರ್ಜಿ, ಹೊಲಿಗೆ ಸೊಟ್ಟಗಾದರೆ ಕೈ ಚಾಚು ಎನ್ನುತ್ತಿದ್ದ, ತಮ್ಮನಿಗೂ ನನಗೂ ಸಮಸಮ, ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಅಳತೆಯಲ್ಲಿ ಅಪ್ಪ ಎಂದೂ ತಪ್ಪಿದವನಲ್ಲ — ಆ ತಮ್ಮ ಈಗ ಮಗಳು ಹಾಲು ಚೆಲ್ಲಿದರೆ ಹೋಗ್ಲಿ ಬಿಡಮ್ಮ ಎಂದು ತಾನೇ ಒರೆಸುತ್ತಾನೆ, ನಾನು ಹಾಗಲ್ಲ, ಒಂದು ಮಾತು ತಾಗಿದರೆ ಮೂರು ದಿನ ಮೆಲುಕು ಹಾಕುವವಳು, ಇವಳಿಗೆ ಮೂಗಿನ ತುದೀಲೇ ಕೋಪ ಎನ್ನುತ್ತಿದ್ದಳು ಅಮ್ಮ, ಸಂಜೆ ತರಗತಿಯಲ್ಲಿ ಮನಃಶಾಸ್ತ್ರ ಹೇಳಿಕೊಡುವ ಮೇಡಂ ಹೇಳಿದ್ದರು, ಪೆಟ್ಟು ತಿಂದವರೆಲ್ಲ ಹೊಡೆಯೋರಾಗಲ್ಲ, ಅವರವರ ಸ್ವಭಾವಾನೂ ಸೇರುತ್ತೆ, ಅದನ್ನು ದುಂಡಗೆ ಬರೆದುಕೊಂಡು ಅಡಿಗೆರೆ ಎಳೆದಿದ್ದೆ, ಇದೇ ಪಟ್ಟಿ ಇಟ್ಟು, ತಿಳಿದುಕೊಂಡರೆ ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದೆ, ಎಂಥ ದಡ್ಡಿ. ಒಳಗಿನಿಂದ ಮಾಲೀಕರು, ಏನ್ರೀ ಅದು ಸದ್ದು, ಏನಿಲ್ಲ ಸಾರ್, ಪಟ್ಟಿ ಬಿತ್ತು ಎನ್ನುತ್ತಾಳೆ ಅಕ್ಕ, ಅಮ್ಮನೂ ಪಕ್ಕದ ಮನೆಯವರಿಗೆ ಹೀಗೇ, ಏನಿಲ್ಲ, ಪಾತ್ರೆ ಬಿತ್ತು — ಬೇಡ ಅಕ್ಕಾ, ನನ್ನನ್ನು ಕಾಪಾಡಬೇಡ, ಬೈದುಬಿಡು, ನಾಳೆಯೂ ಪಕ್ಕದಲ್ಲಿ ಕೂರಲು ಬಿಡು, ಇದೆಲ್ಲ ಮನಸ್ಸಿನಲ್ಲೇ, ಪಟ್ಟಿಯನ್ನು ಮೇಜಿನ ಮೇಲಿಡೋಣವೆಂದು ಕೈ ಎತ್ತುತ್ತೇನೆ, ಇಡುವುದಕ್ಕೆ, ಇಡುವುದಕ್ಕಷ್ಟೇ — ಅಕ್ಕ ಎರಡೂ ಕೈಗಳನ್ನು ಸರಕ್ಕನೆ ಮಡಿಲಿಗೆ ಎಳೆದುಕೊಂಡಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಕಣ್ಣು ಮುಚ್ಚಿದರೂ ಅದೇ, ಎರಡೂ ಕೈ, ಮಡಿಲಿಗೆ, ತೆರೆದರೂ ಅದೇ, ಎರಡೂ ಕೈ —

ತಮ್ಮನಲ್ಲಿ ಆರಿಹೋದದ್ದು ನನ್ನಲ್ಲಿ ಯಾಕೆ ಉಳಿಯಿತೋ ನನಗೆ ಗೊತ್ತಿಲ್ಲ.