ಆಸರೆ ಕಡ್ಡಿ

ಲಿಫ್ಟ್ ರಿಪೇರಿ ಮಾಡುವ ಅವನನ್ನು ಕೆಲಸದ ಕಡೆ ಎಲ್ಲರೂ ಖಾರಣ್ಣ ಎಂದೇ ಕರೆಯುತ್ತಿದ್ದರು. ಸ್ವಭಾವ ನೋಡಿ ಇಟ್ಟ ಹೆಸರೆಂದು ಯಾರಾದರೂ ತಿಳಿದರೆ ಮೋಸಹೋದರು. ಅವನಷ್ಟು ಮೆತ್ತಗಿನ ಮನುಷ್ಯ ಆ ಕಂಪನಿಯಲ್ಲಿ ಇನ್ನೊಬ್ಬನಿರಲಿಲ್ಲ. ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಹನ್ನೊಂದು ಕುಂಡಗಳಲ್ಲಿ ಮೆಣಸಿನ ಗಿಡ ಸಾಕಿಕೊಂಡಿದ್ದ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಕೂಡಲೇ ಜೇಬಿನಿಂದ ಒಂದು ಸೂಜಿಮೆಣಸು ತೆಗೆದು ಕಚ್ಚಿ, ಕಣ್ಣು ಮೂಗು ಎರಡನ್ನೂ ಸುರಿಸಿಕೊಂಡು "ಆಹಾ" ಎನ್ನುತ್ತಿದ್ದ. ಹೆಸರು ಬಂದದ್ದು ಹಾಗೆ.

ಈ ಚಟ ಅಂಟಿದ್ದು ಹಾಸ್ಟೆಲಿನಲ್ಲಿ. ತಾಯಿಯ ಮುಖ ಅವನಿಗೆ ನೆನಪಿಲ್ಲ. ಹಾಸ್ಟೆಲಿನ ಊಟ ಎಷ್ಟು ಸಪ್ಪೆಯೆಂದರೆ ಜೇಬಿನಲ್ಲಿ ಒಂದು ಮೆಣಸಿನಕಾಯಿ ಇದ್ದವನೇ ಅಲ್ಲಿ ಸಾಹುಕಾರ. ವಾರ್ಡನ್ ಅವನನ್ನು "ಏ ಮೂವತ್ತೇಳು" ಎಂದು ನಂಬರು ಹಿಡಿದು ಕೂಗುತ್ತಿದ್ದರು. ಏಕವಚನದಲ್ಲಿ ಕರೆದವರು ಜೀವನದಲ್ಲಿ ಬೇಕಾದಷ್ಟು ಮಂದಿ ಸಿಕ್ಕಿದ್ದರು. ಇವನು ನಮ್ಮವನು ಎಂಬ ಹಕ್ಕಿನಿಂದ ಕರೆದವರು ಮಾತ್ರ ಯಾರೂ ಇರಲಿಲ್ಲ, ಮದುವೆಯಾಗುವ ತನಕ.

ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ವರ್ಷ ಚಳಿಗಾಲದಲ್ಲಿ ಅವಳ ತಾಯಿಗೆ ಮಂಡಿ ಆಪರೇಷನ್ ಆಯಿತು. ಅದೇ ಹೊತ್ತಿಗೆ ಆ ತಾಯಿ ಬಾಡಿಗೆಗಿದ್ದ ಒಂಟಿ ಕೋಣೆಯ ಮನೆಯನ್ನು ಮಾಲೀಕರು ಕೆಡವಿಸಿ, ಹಿತ್ತಿಲ ದೇವಕಣಗಿಲೆ ಮರವನ್ನೂ ಕಡಿಸಿದರು. ಶಾಲೆಯೊಂದರಲ್ಲಿ ಆಯಾ ಆಗಿದ್ದುಕೊಂಡು, ಗಂಡನಿಲ್ಲದ ಸಂಸಾರ ತೂಗಿಸಿ, ಒಬ್ಬಳೇ ಮಗಳನ್ನು ಓದಿಸಿದ ಹೆಂಗಸು ಆಕೆ. ಆ ಮರವನ್ನು ಮಗಳು ಹುಟ್ಟಿದ ವಾರ ಪಕ್ಕದ ಮನೆಯವರಿಂದ ಒಂದು ಕಡ್ಡಿ ಇಸಿದುಕೊಂಡು ನೆಟ್ಟಿದ್ದರು. ಮೂವತ್ತೊಂದು ವರ್ಷ ಅದರ ಬಿಳಿ ಹೂ ಆರಿಸಿ ಶಾಲೆಯ ಮೇಜಿನ ಮೇಲಿಟ್ಟಿದ್ದರು. ಅಳಿಯನ ಮನೆಗೆ ಬರುವಾಗ ಅವರ ಜೊತೆ ಬಂದದ್ದು ಒಂದು ಪೆಟ್ಟಿಗೆ, ಒಂದು ಊರುಗೋಲು, ಆ ಮರದ ಮೂರು ಕಡ್ಡಿ.

ಅತ್ತೆ ಬಂದದ್ದು ಖಾರಣ್ಣನಿಗೆ ಹಬ್ಬ. ಮನೆಗೆ ಬಂದರೆ ದೀಪ ಹಚ್ಚಿರುತ್ತಿತ್ತು, ಟೀ ಬಿಸಿಯಾಗಿರುತ್ತಿತ್ತು, "ಬಂದ್ರಾ?" ಎಂದು ಕೇಳುವ ಒಂದು ದನಿ ಇರುತ್ತಿತ್ತು. ಆದರೆ ಆ "ಬಂದ್ರಾ"ದಲ್ಲೇ ಒಂದು ಮುಳ್ಳೂ ಇತ್ತು. ಅತ್ತೆಗೆ ಅವನು ಅಳಿಯಂದಿರು. "ಅಳಿಯಂದ್ರೇ, ನೀವು ಕೂತ್ಕೊಳ್ಳಿ. ಅಳಿಯಂದ್ರೇ, ನಿಮಗೆ ತೊಂದರೆ ಆಗ್ಲಿಲ್ಲ ತಾನೆ?" ಬಾಯಿ ತೆರೆದರೆ ಮರ್ಯಾದೆಯೇ ಮರ್ಯಾದೆ. ಹೆಂಡತಿ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದರೆ, "ಏ ಕತ್ತೆ, ಎಷ್ಟು ಸಲ ಹೇಳ್ಬೇಕೇ ನಿಂಗೆ?" ಎಂದು ಮನೆ ಹಾರಿಹೋಗುವಂತೆ ಬೈಗುಳ. ಅವನು ಎಸೆದರೆ ಅತ್ತೆ ಸದ್ದಿಲ್ಲದೆ ಎತ್ತಿ ಒಣಹಾಕಿ ಬರುತ್ತಿದ್ದರು. ಒಂದೆರಡು ಸಲ ಬೇಕೆಂದೇ ಎಸೆದು ನೋಡಿದ. ಟವೆಲು ಒಣಗಿತೇ ಹೊರತು ಬೈಗುಳ ಸಿಗಲಿಲ್ಲ. ಬೈಸಿಕೊಳ್ಳುವುದಕ್ಕೂ ಪುಣ್ಯ ಬೇಕು ಎಂದು ಅವನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಈ ಮರ್ಯಾದೆ ಒಂದು ಕಡೆ ಮಾತ್ರ ಸ್ವಲ್ಪ ಜಾರುತ್ತಿತ್ತು, ಅದೂ ಕದ್ದುಮುಚ್ಚಿ. ಅತ್ತೆಯ ಲೆಕ್ಕದಲ್ಲಿ ಗಿಡವೆಂದರೆ ನೀರು, ನೀರೆಂದರೆ ಗಿಡ. ಅವನು ಕೆಲಸಕ್ಕೆ ಹೊರಟ ಮೇಲೆ ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ತುಂಬಿ ಹನ್ನೊಂದು ಕುಂಡಕ್ಕೂ ಹಂಚಿಬಿಡುತ್ತಿದ್ದರು. ಮೆಣಸಿನ ಗಿಡವನ್ನು ಆಗಾಗ ಸ್ವಲ್ಪ ಬಾಯಾರಿಸಿದರೇನೇ ಕಾಯಿಗೆ ರೋಷ ಬರುವುದು. ಚೊಂಬು ಬಂದ ಮೇಲೆ ಗಿಡಗಳು ದಷ್ಟಪುಷ್ಟವಾದವು, ಕಾಯಿ ಮಾತ್ರ ಸಪ್ಪೆಯಾಯಿತು. ಕಚ್ಚಿದರೆ ಕಣ್ಣಲ್ಲಿ ಒಂದು ಹನಿ ಇಲ್ಲ. ಖಾರಣ್ಣನಿಗೆ ಕಾರಣ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಅತ್ತೆ ಅಷ್ಟು ಮರ್ಯಾದೆ ಕೊಡುವಾಗ ತಾನು ಅವರ ಚೊಂಬಿಗೆ ಕೈ ಅಡ್ಡ ಹಿಡಿಯುವುದು ಹೇಗೆ?

ದೇವಕಣಗಿಲೆಯ ಎರಡು ಕಡ್ಡಿಗಳನ್ನು ಅತ್ತೆ ಹಳೆಯ ಬಕೆಟ್ಟಿನಲ್ಲಿ ನೆಟ್ಟರು. ಅವುಗಳ ತುದಿಯಲ್ಲಿ ಇನ್ನೂ ಎರಡೆರಡು ಎಲೆಗಳಿದ್ದವು. ಅವಕ್ಕೂ ದಿನಾ ಚೊಂಬಿನ ಸೇವೆ ನಡೆಯಿತು. ಚಳಿಯಲ್ಲಿ ಆ ಮರ ನಿದ್ದೆ ಮಾಡುತ್ತದೆ, ಆಗ ಅದಕ್ಕೆ ನೀರು ಬೇಡ. ಹಿತ್ತಿಲ ನೆಲದಲ್ಲಾದರೆ ಹೆಚ್ಚಾದ ನೀರು ಇಂಗಿಹೋಗುತ್ತಿತ್ತು. ಬಕೆಟ್ಟಿನಲ್ಲಿ ಅದು ಎಲ್ಲಿಗೆ ಹೋಗಬೇಕು? ತಿಂಗಳು ತುಂಬುವುದರೊಳಗೆ ಎರಡೂ ಕೊಳೆತವು. ಬುಡ ಮುಟ್ಟಿದರೆ ಬೆಣ್ಣೆಯ ಹಾಗೆ ಬೆರಳಿಗೆ ಬಂತು. ಅತ್ತೆ ಕೈ ತೊಳೆದುಕೊಂಡು, "ನನ್ನ ಕೈಗುಣ ಆ ಮನೆಗೇ ಮುಗೀತು ಅನ್ಸುತ್ತೆ" ಎಂದಷ್ಟೇ ಅಂದರು.

ಮೂರನೆಯದೊಂದು ಇದೆ ಎಂಬುದು ಖಾರಣ್ಣನಿಗೆ ಗೊತ್ತೇ ಇರಲಿಲ್ಲ. ಚಳಿ ಕಳೆದ ಮೇಲೆ ನೆಡೋಣವೆಂದು ಅತ್ತೆ ಅದನ್ನು ಒಣಗಲು ಬಿಟ್ಟಿದ್ದರು. ಎಲ್ಲಿಡಲಿ ಎಂದು ಅಳಿಯನನ್ನು ಕೇಳಲು ಸಂಕೋಚ. ಬಾಲ್ಕನಿಯ ಮೂಲೆಯಲ್ಲಿ ಅವನು ಗಿಡಗಳಿಗೆ ಆಸರೆ ಕೊಡಲೆಂದು ಕೂಡಿಟ್ಟ ಕಡ್ಡಿಗಳ ಕಟ್ಟು ಇತ್ತಲ್ಲ, ಮುರಿದ ಪೊರಕೆಯ ಹಿಡಿ, ಪರದೆಯ ಕೋಲು, ಬೀದಿ ಮರದ ರೆಂಬೆ, ಅವುಗಳ ನಡುವೆ ಜಾಗ ಹಿಡಿಯದ ಹಾಗೆ ಇದನ್ನೂ ನಿಲ್ಲಿಸಿದರು. ಕೆಲವೇ ದಿನಕ್ಕೆ ಅದು ಬೋಳಾಗಿ, ಬೂದು ಬಣ್ಣಕ್ಕೆ ತಿರುಗಿ, ಮೈ ಸುಕ್ಕುಗಟ್ಟಿ, ಉಳಿದ ಕಡ್ಡಿಗಳ ಪೈಕಿಯೇ ಆಗಿಹೋಯಿತು.

ಹೀಗಿರುವಾಗ ಒಂದು ಭಾನುವಾರ ಅತ್ತೆಗೆ ಹಲ್ಲುನೋವು. ಕೆನ್ನೆ ಊದಿ ಮಾತೇ ನಿಂತಿತು. ಖಾರಣ್ಣ ಲಿಫ್ಟ್ ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಹಲ್ಲಿನ ಡಾಕ್ಟರಮ್ಮ ಇದ್ದರು. ಫೋನು ಮಾಡಿದರೆ ಆ ತಾಯಿ ರಜೆಯ ದಿನವೂ ಬಂದು ಬಾಗಿಲು ತೆರೆದು, ನೋಡಿ, ನೋವಿಳಿಸಿ ಕಳಿಸಿದರು. ಅವನಿಗೆ ಹೃದಯ ತುಂಬಿ ಬಂತು. ಏನಾದರೂ ಕೊಡಬೇಕು! ಮಾರನೇ ದಿನ ಬೆಳಿಗ್ಗೆ ಹನ್ನೊಂದು ಕುಂಡಗಳಲ್ಲಿ ಅತಿ ಚೆಂದದ ಗಿಡವನ್ನು ಆರಿಸಿದ. ಕಾಯಿಯ ಭಾರಕ್ಕೆ ಅದು ಬಾಗಿತ್ತು. ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಕಟ್ಟಿನೊಳಗೆ ಕೈ ಹಾಕಿ, ಇದ್ದುದರಲ್ಲಿ ಗಟ್ಟಿಯಾದ, ಹೆಬ್ಬೆರಳು ದಪ್ಪದ ಒಂದು ಕಡ್ಡಿ ಎಳೆದು, ದಪ್ಪ ತುದಿ ಕೆಳಗೆ ಮಾಡಿ ಕುಂಡಕ್ಕೆ ಒತ್ತಿ, ಗಿಡವನ್ನು ದಾರದಿಂದ ಕಟ್ಟಿದ. ಡಾಕ್ಟರಮ್ಮ ಅದನ್ನು ಕಿಟಕಿಯಲ್ಲಿಟ್ಟುಕೊಂಡರು.

ಎರಡು ತಿಂಗಳು ಕಳೆಯಿತು. ಬಿಸಿಲು ಬಲಿಯಿತು. ಒಂದು ಬೆಳಿಗ್ಗೆ ಖಾರಣ್ಣ ಬಾಗಿಲ ಬಳಿ ಕೂತು ಶೂ ಕಟ್ಟಿಕೊಳ್ಳುತ್ತಿದ್ದಾಗ ಅಡಿಗೆಮನೆಯಿಂದ ಮಾತು ಕೇಳಿಸಿತು.

"ಮೂಲೇಲಿ ಒಂದು ಕಡ್ಡಿ ಇಟ್ಟಿದ್ದೆ ಕಣೇ. ಕಾಣಿಸ್ತಿಲ್ಲ."

"ಯಾವ ಕಡ್ಡಿನಮ್ಮ?"

"ಮರದ್ದು. ಅದೊಂದೇ ಉಳಿದಿದ್ದು. ಅವರ ಕಡ್ಡಿಗಳ ಜೊತೆಗೇ ನಿಲ್ಲಿಸಿದ್ದೆ."

"ಅವರನ್ನೇ ಕೇಳು."

"ಬೇಡ್ವೇ. ಒಂದು ಕಡ್ಡಿಗೋಸ್ಕರ ಅಳಿಯಂದ್ರನ್ನ ನಿಲ್ಲಿಸಿ ಕೇಳೋದಾ? ಕಸ ಗುಡಿಸೋಳು ಎಸೆದಿರ್ಬೇಕು ಬಿಡು." ಆಮೇಲೆ ದನಿ ಇನ್ನೂ ಇಳಿಯಿತು. "ಕಾಲೂ ಸರಿಹೋಯ್ತಲ್ಲ. ಸ್ಕೂಲ್ ಹತ್ರ ಎಲ್ಲಾದ್ರೂ ಒಂದು ರೂಮು ನೋಡ್ಕೊಳ್ತೀನಿ. ಎಷ್ಟು ದಿನ ಅಂತ ಇವರಿಗೆ ಭಾರ ಆಗಿರೋದು?"

ಖಾರಣ್ಣನ ಕೈಯಲ್ಲಿ ಶೂ ದಾರ ಹಾಗೇ ನಿಂತಿತು. ಹೆಬ್ಬೆರಳು ದಪ್ಪ, ಬೂದು ಬಣ್ಣ, ಮೊಂಡು ತುದಿ. ಯಾವ ಕಡ್ಡಿ, ಎಲ್ಲಿ ಹೋಯಿತು ಎಂಬುದೆಲ್ಲ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ಬಂತು. ಎದ್ದು ಹೋಗಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಕಡ್ಡಿ ಕೈಯಲ್ಲಿ ಹಿಡಿದು ಹೇಳುತ್ತೇನೆ ಎಂದುಕೊಂಡು ನೇರ ಡಾಕ್ಟರಮ್ಮನ ಬಾಗಿಲಿಗೆ ಓಡಿದ. ಅಲ್ಲಿ ಬೀಗ. 'ಡಾಕ್ಟರು ಊರಲ್ಲಿಲ್ಲ, ಸೋಮವಾರ ಸಿಗುತ್ತಾರೆ' ಎಂಬ ಚೀಟಿ.

ಆ ಒಂದು ವಾರ ಅವನಿಗೆ ಒಂದು ವರ್ಷವಾಯಿತು. ಅತ್ತೆ ಬಾಲ್ಕನಿಯ ಕಡೆ ತಲೆ ಹಾಕಲಿಲ್ಲ. ಚೊಂಬು ನಲ್ಲಿಯ ಪಕ್ಕ ಬೋರಲು ಬಿದ್ದಿತ್ತು. ನೀರು ತಪ್ಪಿದ ಮೆಣಸಿಗೆ ಹಳೆಯ ರೋಷ ಮರಳಿ ಬಂತು. ಶುಕ್ರವಾರ ಒಂದನ್ನು ಕಚ್ಚಿದ. ನೆತ್ತಿಗೇರಿತು, ಕಣ್ಣು ಧಾರಾಕಾರ ಹರಿಯಿತು. "ಆಹಾ" ಎನ್ನಲು ಹೋದರೆ ಬಾಯಿ ಬರಲಿಲ್ಲ. ಈ ಖಾರಕ್ಕಿಂತ ಆ ಸಪ್ಪೆಯೇ ಎಷ್ಟೋ ವಾಸಿಯಿತ್ತು ಎನಿಸಿತು.

ಸೋಮವಾರ ಟೂಲ್ ಬ್ಯಾಗ್ ಹೆಗಲಿಗೇರಿಸಿ, ಲಿಫ್ಟ್ ಚೆಕ್ ಮಾಡುವ ನೆಪದಲ್ಲಿ ಡಾಕ್ಟರಮ್ಮನ ಕೋಣೆಗೆ ಹೋದ. ಕೊಟ್ಟ ಉಡುಗೊರೆಯನ್ನು ವಾಪಸ್ ಕೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದ. ಒಳಗೆ ದಪ್ಪ ಮೀಸೆಯ ಒಬ್ಬರು ಬಾಯಿ ತೆರೆದು ಮಲಗಿದ್ದರು. ಡಾಕ್ಟರಮ್ಮ ಅವನನ್ನು ನೋಡಿದ್ದೇ ಮುಖ ಚಿಕ್ಕದು ಮಾಡಿಕೊಂಡರು.

"ನಿಮ್ಮ ಮುಖ ನೋಡೋಕೇ ನಾಚಿಕೆ ಆಗುತ್ತೆ. ಅಷ್ಟು ಚೆನ್ನಾಗಿದ್ದ ಗಿಡ, ನೀರು ಹಾಕೋದೇ ಮರೆತುಹೋಗ್ತಿತ್ತು. ಒಣಗಿಹೋಯ್ತು."

ಖಾರಣ್ಣ ಒಂದು ಹೆಜ್ಜೆ ಮುಂದಿಟ್ಟ. "ಕಡ್ಡಿ? ಕಡ್ಡಿ ಎಸೆದ್ರಾ?"

"ಕಡ್ಡಿನಾ? ಅದನ್ನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ. ಗಿಡ ಸತ್ತು, ಅದಕ್ಕೆ ಕಟ್ಟಿದ್ದ ಕಡ್ಡಿ ಚಿಗುರಿದೆ! ಇದು ಯಾವ ಜಾತಿ ಮೆಣಸಿನಕಾಯಪ್ಪ?"

ಮಲಗಿದ್ದವರೂ ಕುತೂಹಲ ತಡೆಯಲಾಗದೆ ತೆರೆದ ಬಾಯಲ್ಲೇ "ಆ? ಆ?" ಎಂದರು.

ಕಿಟಕಿಯಲ್ಲಿ ಕುಂಡ ಇತ್ತು. ಒಣಗಿದ ಮೆಣಸಿನ ಗಿಡ ದಾರದಲ್ಲಿ ಜೋತುಬಿದ್ದಿತ್ತು. ಅದರ ಬೆನ್ನಿಗೆ ನಿಂತ ಬೂದು ಕಡ್ಡಿಯ ಮೊಂಡು ತಲೆಯಲ್ಲಿ ಗಿಳಿಯ ಕೊಕ್ಕಿನ ಹಾಗೆ ಎರಡು ಹಸಿರು ಎಲೆ ಮೂಡಿದ್ದವು. ಖಾರಣ್ಣ ಬಗ್ಗಿ ಎಲೆ ನೋಡಿದ. ಮನೆಯಲ್ಲಿ ಉಳಿದಿದ್ದರೆ ಚೊಂಬಿನ ಪ್ರೀತಿಗೆ ಇದೂ ಕೊಳೆಯುತ್ತಿತ್ತು. ಡಾಕ್ಟರಮ್ಮ ಮರೆತರು, ಇದು ಬದುಕಿತು. ಒಬ್ಬರ ಮರೆವಿಗೆ ಕೈ ಮುಗಿಯಬೇಕೆಂದು ಅವನಿಗೆ ಅನಿಸಿದ್ದು ಅದೇ ಮೊದಲು. ನಿಜಕ್ಕೂ ಮುಗಿದ. ಜೋಡಿಸಿದ್ದ ಮಾತೆಲ್ಲ ಬಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ.

"ತಗೊಂಡ್ಹೋಗಿ, ತಗೊಂಡ್ಹೋಗಿ. ಮರ ಆದ್ಮೇಲೆ ನನಗೂ ಒಂದು ಕಡ್ಡಿ ಕೊಡಿ, ಅಷ್ಟೇ. ಮರೆಯೋದರಲ್ಲಿ ನನ್ನನ್ನ ಮೀರಿಸೋರಿಲ್ಲ, ಚೆನ್ನಾಗಿ ಬೆಳೆಯುತ್ತೆ" ಎಂದು ಡಾಕ್ಟರಮ್ಮ ನಕ್ಕರು.

ಇಳಿಯುವಾಗ, ತಾನೇ ರಿಪೇರಿ ಮಾಡಿದ ಲಿಫ್ಟಿನ ಮೇಲೆ ಆ ಒಂದು ದಿನ ಅವನಿಗೆ ನಂಬಿಕೆ ಹುಟ್ಟಲಿಲ್ಲ. ಕುಂಡವನ್ನು ಎದೆಗವಚಿಕೊಂಡು ನಾಲ್ಕು ಮಹಡಿ ಮೆಟ್ಟಿಲಿಳಿದ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತ.

ಮನೆಯಲ್ಲಿ ಅತ್ತೆ ಒಗೆದ ಬಟ್ಟೆ ಮಡಿಸುತ್ತಿದ್ದರು. ಮಂಚದ ಮೇಲೆ ಅವರ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ನಡುಮಧ್ಯಾಹ್ನ ಅವನು ಬಂದದ್ದು ಕಂಡು ಗಾಬರಿಯಿಂದ ಎದ್ದರು. "ಯಾಕೆ ಅಳಿಯಂದ್ರೇ, ಹುಷಾರಿಲ್ವಾ ನಿಮಗೆ?"

ಅವನು ಕುಂಡವನ್ನು ಅವರ ಮುಂದಿಟ್ಟ. "ಅತ್ತೆ, ತಪ್ಪಾಗೋಯ್ತು. ಕಸ ಗುಡಿಸೋರು ಎಸೆದಿಲ್ಲ. ನಾನೇ... ಆಸರೆ ಕಡ್ಡಿ ಅಂದ್ಕೊಂಡು ಮೆಣಸಿನ ಗಿಡಕ್ಕೆ ಕಟ್ಟಿ ಡಾಕ್ಟರಮ್ಮಂಗೆ ಕೊಟ್ಬಿಟ್ಟಿದ್ದೆ. ನೀವು ಹುಡುಕಿದ ದಿನವೇ ಗೊತ್ತಾಯ್ತು. ಹೇಳೋ ಧೈರ್ಯ ಬರ್ಲಿಲ್ಲ."

ಅತ್ತೆ ಮಂಡಿ ನೋವನ್ನೂ ಮರೆತು ನೆಲಕ್ಕೆ ಕೂತರು. ಎಲೆಗಳನ್ನು ಬೆರಳ ತುದಿಯಿಂದ ಮುಟ್ಟಿದರು. ಕಡ್ಡಿಯನ್ನು ಮೇಲಿಂದ ಕೆಳಗೆ ಸವರಿದರು. ಆಮೇಲೆ ತಲೆಯೆತ್ತಿದವರ ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ.

"ಮೂವತ್ತೊಂದು ವರ್ಷದ ಮರ ಕಣೋ ಅದು! ಕಣ್ಣು ಬಿಟ್ಟು ನೋಡ್ಬಾರ್ದೇನೋ? ಪೊರಕೆ ಹಿಡೀಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ವೇನೋ ನಿಂಗೆ, ಕತ್ತೆ! ವಾರದಿಂದ ನಾನು ಇಲ್ಲಿ ಒದ್ದಾಡ್ತಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಓಡಾಡ್ತಿದ್ದೀಯಲ್ಲ..."

ಅಷ್ಟು ಹೇಳಿ ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ತಾನು ಏನಂದೆ, ಯಾರಿಗಂದೆ ಎಂದು ಆಗ ಹೊಳೆದಿರಬೇಕು. ಮುಖ ಸುಣ್ಣದ ಹಾಗೆ ಬಿಳುಪಾಯಿತು.

ಖಾರಣ್ಣ ನಿಂತಲ್ಲೇ ನಿಂತಿದ್ದ. ಮೆಣಸು ಕಚ್ಚಿರಲಿಲ್ಲ, ಆದರೂ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಈ ಜನ್ಮಕ್ಕೆ ಇಷ್ಟು ಸಾಕು ಎನ್ನುವಷ್ಟು ಅವನ ಹೊಟ್ಟೆ ತುಂಬಿತ್ತು. "ಇನ್ನೂ ಬೈಯಿರಿ ಅತ್ತೆ. ನಿಲ್ಲಿಸ್ಬೇಡಿ" ಎಂದ.

ಅತ್ತೆ ಅವನ ಮುಖ ನೋಡಿದರು. ಬಾಯಿಗೆ ಅಡ್ಡವಿದ್ದ ಕೈ ನಿಧಾನಕ್ಕೆ ಇಳಿಯಿತು. ಗೋಡೆ ಹಿಡಿದು ಎದ್ದು, ಮಂಚದ ಮೇಲಿನ ಪೆಟ್ಟಿಗೆಯ ಮುಚ್ಚಳ ಮುಚ್ಚಿ, "ಎತ್ತಿ ಮಂಚದ ಕೆಳಗಿಡು ಇದನ್ನ" ಎಂದರು. ಅವನು ಎತ್ತಿ ಇಟ್ಟ. ಆಮೇಲೆ ಅವರು ಕುಂಡವನ್ನೆತ್ತಿಕೊಂಡು ಬಾಲ್ಕನಿಗೆ ಹೋಗಿ, ವಾರದಿಂದ ಬೋರಲು ಬಿದ್ದಿದ್ದ ಚೊಂಬನ್ನು ನಲ್ಲಿಗೆ ಹಿಡಿದರು. ನೀರು ಅರ್ಧಕ್ಕೆ ಬರುತ್ತಲೇ ನಲ್ಲಿ ನಿಲ್ಲಿಸಿ, ತಿರುಗಿ ಕೇಳಿದರು:

"ಎಷ್ಟು ಹಾಕ್ಬೇಕೋ ಇದಕ್ಕೆ?"