ಬಿರುಕಿಗೆ ಹೊಲಿಗೆ ಹಾಕಿದ ಅತ್ತಿಗೆ

ಭಾನುವಾರ ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಅತ್ತಿಗೆ ಹಿತ್ತಲಿನ ಗ್ಯಾರೇಜಿನಲ್ಲಿ, ಕಪ್ಪು ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ಇಳಿಸಿ, ಹಲ್ಲು ನೋಡುವ ಪುಟ್ಟ ಗುಂಡು ಕನ್ನಡಿಯನ್ನು ಕಾರ್ಬುರೇಟರಿನ ಹಿಂದಕ್ಕೆ ತೂರಿಸಿ, "ಇನ್ನೂ ಸ್ವಲ್ಪ ದೊಡ್ಡದಾಗಿ ತೆಗೀರಿ" ಎನ್ನುತ್ತಿದ್ದರು. ಅಲ್ಲಿ ಬಾಯಿ ತೆಗೆಯಬಲ್ಲ ಜೀವಿ ಬಾಗಿಲಲ್ಲಿ ನಿಂತಿದ್ದ ನಾನೊಬ್ಬನೇ. ಆದರೆ ಅವರು ನಮ್ಮ ಮನೆಗೆ ಬಂದ ದಿನದಿಂದ ನನ್ನನ್ನು ಏಕವಚನದಲ್ಲೇ ಮಾತನಾಡಿಸುವವರಾದ್ದರಿಂದ, ಆ ಬಹುವಚನ ಕಾರಿಗೇ ಸಂದದ್ದೆಂಬುದರಲ್ಲಿ ಅನುಮಾನವಿರಲಿಲ್ಲ.

ಅತ್ತಿಗೆ ದಂತವೈದ್ಯೆ. ಮನೆಯ ಮುಂದಿನ ಕೋಣೆ ಅವರ ಕ್ಲಿನಿಕ್ಕು, ಹಿಂದಿನದು ಗ್ಯಾರೇಜು, ನಡುವೆ ನೀಳವಾದ ಒಂದು ಪಡಸಾಲೆ. ಕ್ಲಿನಿಕ್ಕಿನಲ್ಲಿ ಹಳತಾದ ಬಿಳಿ ಕೋಟು ನಿವೃತ್ತಿ ಹೊಂದಿ ಗ್ಯಾರೇಜಿಗೆ ಬರುತ್ತದೆ. ಬಂದ ಮೇಲೆ ಪಡಸಾಲೆ ದಾಟಿ ಮತ್ತೆ ಮುಂದಕ್ಕೆ ಹೋಗುವಂತಿಲ್ಲ. ಗ್ರೀಸು, ಮಸಿ, ತುಕ್ಕುಗಳ ಕಲೆಗಳನ್ನು ಹೊತ್ತು ಗೂಟಕ್ಕೆ ತೂಗಿರುವ ಆ ಕೋಟಿನ ಜೇಬುಗಳಲ್ಲಿ ಮಾತ್ರ ಹತ್ತಿಯ ಸುರುಳಿ, ಕೊಕ್ಕೆಮೂತಿಯ ಕಡ್ಡಿ, ಕನ್ನಡಿ ಎಲ್ಲವೂ ತಮ್ಮ ತಮ್ಮ ಹಳೆಯ ಸ್ಥಾನಗಳಲ್ಲೇ ಇರುತ್ತವೆ. ವರ್ಷಾನುಗಟ್ಟಲೆ ರೋಗಿಗಳ ಕುರ್ಚಿಯ ಮೇಲೆ ಬಗ್ಗಿ ಬಗ್ಗಿ ಅವರ ನಡಿಗೆ ಬಲಕ್ಕೆ ಕೊಂಚ ವಾಲಿದೆ. ಸಂತೆಯಂಥ ಜನಜಂಗುಳಿಯಲ್ಲೂ, ಯಾರದೋ ಗುಟ್ಟು ಕೇಳಿಸಿಕೊಳ್ಳುತ್ತಿರುವವರಂತೆ ಓರೆಯಾಗಿ, ಚುರುಕಾಗಿ ಬರುವ ಆ ಆಕೃತಿಯನ್ನು ದೂರದಿಂದಲೇ ಗುರುತಿಸಬಹುದು.

ಕಪ್ಪು ಕಾರನ್ನು ಅವರು ಕೊಂಡ ದಿನ ನಾನೂ ಜೊತೆಗಿದ್ದೆ. ಮಾರುವವರು ನಿವೃತ್ತ ಭೂಮಾಪಕರು. ಅವರ ಶೆಡ್ಡಿನಲ್ಲಿ ಎಷ್ಟೋ ವರ್ಷದಿಂದ ನಿಂತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಸಂಸಾರ ಹೂಡಿತ್ತು. ಬೇರೆ ಗಿರಾಕಿಗಳು ಬಂದವರು ಬಣ್ಣ ನೋಡಿ, ಸೀಟು ನೋಡಿ, ಕೋಳಿ ನೋಡಿ ಹೋಗಿದ್ದರಂತೆ. ಅತ್ತಿಗೆ ಬಣ್ಣದ ಕಡೆ ಕಣ್ಣೇ ಹಾಯಿಸಲಿಲ್ಲ. ಹತ್ತಿಯಲ್ಲಿ ಸುತ್ತಿದ ಅಯಸ್ಕಾಂತವನ್ನು ಮಡ್‌ಗಾರ್ಡಿನ ಉದ್ದಕ್ಕೂ ಮೆಲ್ಲಗೆ ಸವರುತ್ತಾ ಹೋದರು. ಒಂದು ಕಡೆ ಅದು ಅಂಟಲಿಲ್ಲ. ಕಡ್ಡಿಯ ಹಿಡಿಯಿಂದ ಅಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, "ಇಲ್ಲಿ ಫಿಲ್ಲಿಂಗ್ ಮಾಡಿಸಿದೀರಿ. ಒಳಗೆ ಹುಳುಕು ಹಾಗೇ ಇದೆ" ಎಂದರು.

ಭೂಮಾಪಕರು ನನ್ನ ಕಡೆ ತಿರುಗಿ, "ಇವರು ಕಾರ್ ತಗೊಳ್ಳೋಕೆ ಬಂದಿದಾರೋ, ಹಲ್ಲು ಕೀಳೋಕೆ ಬಂದಿದಾರೋ?" ಎಂದು ಕೇಳಿದರು.

"ಅದು ನೋಡಿದ ಮೇಲೆ ಗೊತ್ತಾಗೋದು" ಎಂದು ಅತ್ತಿಗೆಯೇ ಉತ್ತರ ಕೊಟ್ಟು ಕಾರಿನಡಿಗೆ ನುಸುಳಿದರು. ಹೊರಬಂದಾಗ ತಲೆಗೂದಲಲ್ಲಿ ಕೋಳಿಯ ಪುಕ್ಕವೊಂದು ಸಿಕ್ಕಿಕೊಂಡಿತ್ತು. ಮುಖದಲ್ಲಿ, ಹಠಮಾರಿ ಮಗುವಿನ ದವಡೆಯಲ್ಲಿ ಒಳ್ಳೆಯ ಹಲ್ಲುಗಳ ಸಾಲು ಕಂಡಾಗಿನ ತೃಪ್ತಿಯಿತ್ತು. ಎಂಜಿನ್ನಿನ ಬೀಡು ಕಬ್ಬಿಣದ ಮೈ ಎಲ್ಲಿಯೂ ಒಡೆದಿರಲಿಲ್ಲ, ಅದರ ಮೇಲೆ ಅಚ್ಚೊತ್ತಿದ ಸಂಖ್ಯೆ ಕಾರಿನ ತಗಡುಫಲಕದ ಸಂಖ್ಯೆಗೆ ಹೊಂದುತ್ತಿತ್ತು. ಹುಟ್ಟಿದಾಗಿನ ಎಂಜಿನ್ನೇ ಹುಟ್ಟಿದ ಮೈಯಲ್ಲಿದೆ ಎಂಬುದೊಂದೇ ಅವರಿಗೆ ಬೇಕಾಗಿದ್ದ ಸಂಗತಿ. ತುಕ್ಕು ಕೆರೆಯಬಹುದು, ಸೀಟು ಹೊಲಿಸಬಹುದು, ಕೋಳಿಯನ್ನು ಬೇರೆಡೆಗೆ ಕಳಿಸಬಹುದು.

ಅಲ್ಲಿಂದ ಮುಂದಿನ ಮೂರು ವರ್ಷ ಆ ಕಾರು ಕ್ಲಿನಿಕ್ಕಿನ ರೋಗಿಗಳಷ್ಟೇ ನಿಯಮಿತವಾಗಿ ಅವರ ಕೈಗೆ ಸಿಕ್ಕಿತು. ಬಲಪ್ರಯೋಗ ಅವರಿಗೆ ಆಗದು. ಕಚ್ಚಿಕೊಂಡ ಬೋಲ್ಟಿಗೆ ಎಣ್ಣೆ ಹನಿಸಿ, ಒಂದು ಸಲ ಮೆಲ್ಲಗೆ ತಿರುಗಿಸಿ ನೋಡಿ, ಬಾರದಿದ್ದರೆ "ಸರಿ, ನಾಳೆ ಬನ್ನಿ" ಎಂದು ದೀಪ ಆರಿಸಿ ಹೊರಟುಬಿಡುವರು. ಕೆಲವು ಬೋಲ್ಟುಗಳು ಹೀಗೆ ಹದಿನೈದು ದಿನ 'ನಾಳೆ' ಬಂದದ್ದುಂಟು. ಮುರಿದದ್ದು ಒಂದೂ ಇಲ್ಲ. ಕೆಲಸ ಮುಗಿದ ಮೇಲೆ ಸಕ್ಕರೆ ಬೆರೆಸಿದ ಸಾಬೂನಿನಿಂದ ಮೊಣಕೈವರೆಗೆ ಕೈ ಉಜ್ಜಿ ತೊಳೆಯುತ್ತಾರೆ. ಸೋಮವಾರದ ಮೊದಲ ರೋಗಿಗೆ ಅವರ ಬೆರಳುಗಳಲ್ಲಿ ಭಾನುವಾರದ ಸುಳಿವೂ ಸಿಗಬಾರದು.

ಇಷ್ಟೆಲ್ಲ ನಡೆಯುವಾಗ ಟಾರ್ಚು ಹಿಡಿದು ನಿಲ್ಲುವ ಕೆಲಸ ನನ್ನ ಅಣ್ಣನದು. ಅಣ್ಣ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಮೃದು ಮನಸ್ಸು, ಅವಸರದ ಕೈ. ಅತ್ತಿಗೆ ನೋಡಬೇಕಾದ ಕಡೆಯನ್ನು ಬಿಟ್ಟು ತನಗೆ ಕುತೂಹಲ ಹುಟ್ಟಿದ ಕಡೆಗೆಲ್ಲ ಬೆಳಕು ಬಿಡುತ್ತಾನೆ.

"ರೀ, ನಾನು ಇಲ್ಲಿದೀನಿ."

"ಗೊತ್ತು. ಅಲ್ಲೊಂದು ಜೇಡ ಇತ್ತು."

"ಅದಕ್ಕೆ ಹಲ್ಲುನೋವಾ?"

ಹೀಗೆ ಸಾಗುವ ಅವರ ಮಾತನ್ನು ಕೇಳುವುದಕ್ಕೆಂದೇ ನಾನು ಎಷ್ಟೋ ಭಾನುವಾರ ಹೋಗಿದ್ದೇನೆ. ನನ್ನದು ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಹಾಗಾಗಿ ರೇಡಿಯೇಟರಿಗೆ ಲವಣಾಂಶವಿಲ್ಲದ ನೀರು ಒದಗಿಸುವುದು ನನ್ನ ಪಾಲಿಗೆ ಬಂದಿತ್ತು. "ಮನೆಯವರಿಗೆ ನಲ್ಲಿ ನೀರು, ಕಾರಿಗೆ ಬಟ್ಟಿ ಇಳಿಸಿದ್ದು" ಎಂದು ಅಣ್ಣ ಗೊಣಗುತ್ತಿದ್ದ. ಆದರೂ ಕಾರು ಮೊದಲ ಸಲ ತನ್ನ ಕಾಲ ಮೇಲೆ ಗೇಟು ದಾಟಿದಾಗ ಬೀದಿಯ ಉದ್ದಕ್ಕೂ ಹಾರ್ನ್ ಒತ್ತಿದವನು ಅವನೇ. ವಾರದ ದಿನಗಳಲ್ಲಿ ಸಂಜೆ ಅದನ್ನು ಒಂದು ಸುತ್ತು ಓಡಿಸಿ ತರುವುದು ಅವನ ಹಕ್ಕೇ ಆಗಿಹೋಯಿತು. ಗೇರು ಬದಲಿಸುವಾಗ ಮಾತ್ರ ಅವನ ಕೈಯ ಅವಸರ ಎಲ್ಲಿ ಅಡಗುತ್ತಿತ್ತೋ. ಅತ್ತಿಗೆ ಅದನ್ನು ಮೆಚ್ಚಿ ಒಂದು ಸಲ ನನಗೆ ಹೇಳಿದ್ದುಂಟು, ಅವನಿಗೆ ಹೇಳಿದ್ದಿಲ್ಲ.

ಊರಾಚೆ ಗುಡ್ಡದ ಮೇಲೆ ನೀರಿನ ಟ್ಯಾಂಕಿದೆ. ಒಂದು ಬೇಸಗೆಯ ದಿನ ನಾವು ಮೂವರೂ ಆ ಏರು ಹತ್ತುವಾಗ ಫ್ಯಾನಿನ ಬೆಲ್ಟು ಹರಿದು ಎಂಜಿನ್ ಕುದಿಯಿತು. ಬದಲಿ ಬೆಲ್ಟು ಇಲ್ಲದೆ ಅತ್ತಿಗೆ ಮನೆ ಬಿಡುವವರಲ್ಲ, ಹಾಕಿ ಮುಗಿಸಿದರು. ಇನ್ನು ಕಾಯುವುದೊಂದೇ ಬಾಕಿ. "ತಾನಾಗೇ ತಣ್ಣಗಾಗಲಿ. ಅಲ್ಲೀವರೆಗೂ ಏನೂ ಮುಟ್ಟಬೇಡಿ" ಎಂದು ಅಣ್ಣನಿಗೆ ಹೇಳಿ, ಟ್ಯಾಂಕಿನ ಕಾವಲುಗಾರನ ಮನೆಯಿಂದ ಶುದ್ಧ ನೀರು ತರಲು ನನ್ನನ್ನು ಕರೆದುಕೊಂಡು ಹೋದರು. ಆ ನೀರಿನ ಬಗ್ಗೆ ನಾನು ಕಾವಲುಗಾರನನ್ನು ನಾಲ್ಕು ಪ್ರಶ್ನೆ ಹೆಚ್ಚಾಗಿಯೇ ಕೇಳಿದೆನೆಂದು ಕಾಣುತ್ತದೆ. ನಾವು ಮರಳಿದಾಗ ಅಣ್ಣ ಖಾಲಿ ಬಕೆಟ್ಟು ಹಿಡಿದು ರಸ್ತೆಯ ಮಧ್ಯೆ ನಿಂತಿದ್ದ. ಪಕ್ಕದಲ್ಲೇ ನಲ್ಲಿಯೊಂದು ಅವನ ಕಣ್ಣಿಗೆ ಬಿದ್ದಿತ್ತು. ಆವಿ ನಿಂತದ್ದನ್ನು ನೋಡಿ, ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿ, ಸುಡುವ ಎಂಜಿನ್ನಿಗೆ ಬಕೆಟ್ಟು ತುಂಬ ತಣ್ಣೀರು ಸುರಿದಿದ್ದ. ಕಾದ ಬೀಡು ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಆದದ್ದೂ ಅದೇ.

"ನಾನೇ ಹಾಕಿದೆ" ಎಂದ. "ಅಷ್ಟು ಬಿಸಿಯಾಗಿತ್ತು, ಪಾಪ ಅನಿಸ್ತು. ಒಳಗೆ 'ಟಕ್' ಅಂತು."

ಅತ್ತಿಗೆ ಕಾರಿನ ಹತ್ತಿರ ಹೋಗಲಿಲ್ಲ. ಅಣ್ಣನ ಎರಡೂ ಕೈಗಳನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಸುಟ್ಟುಕೊಂಡಿಲ್ಲ ತಾನೆ?" ಎಂದರು.

ಮನೆಗೆ ಎಳೆದು ತಂದ ಮೇಲೆ ಎಂಜಿನ್ನಿನ ಪಕ್ಕಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದೆವು. ಸುಣ್ಣ ಅಣ್ಣನ ಶಾಲೆಯದೇ. ಬಿರುಕಿನೊಳಗೆ ಇಳಿದ ಎಣ್ಣೆ ಮೆಲ್ಲಗೆ ಹೊರಗೆ ಜಿನುಗಿ, ಬಿಳಿಯ ಮೇಲೆ ಗೇಣುದ್ದದ ಒಂದು ಕಪ್ಪು ಗೆರೆ ಮೂಡಿತು. ಅಣ್ಣ ಅದನ್ನು ನೋಡಿದ, ಟಾರ್ಚನ್ನು ಮೇಜಿನ ಮೇಲಿಟ್ಟ, ಒಳಗೆ ಹೋದ. ಮಾರನೆಯ ಭಾನುವಾರ ಅವನು ಗ್ಯಾರೇಜಿಗೆ ಬರಲಿಲ್ಲ, ಅದರ ಮುಂದಿನ ಭಾನುವಾರವೂ ಬರಲಿಲ್ಲ. ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು ಊಟದ ಮೇಜಿನ ಮುಂದೆ ಕೂತಿರುತ್ತಿದ್ದ. ಕೆಂಪು ಪೆನ್ನಿನ ಮುಚ್ಚಳವನ್ನೂ ತೆಗೆದಿರುತ್ತಿರಲಿಲ್ಲ. "ಇನ್ನು ಆ ಕಾರಿಗೆ ನಾನು ಕೈ ಹಚ್ಚಲ್ಲ, ಹತ್ತೋದೂ ಇಲ್ಲ" ಎಂದು ನನ್ನ ಬಳಿ ಹೇಳಿದ. "ಅವಳ ಮೂರು ವರ್ಷಾನ ಒಂದು ಬಕೆಟ್ ನೀರಲ್ಲಿ ಮುಗಿಸಿಬಿಟ್ಟೆ."

ಆದರೂ ಅವನು ಸುಮ್ಮನೆ ಕೂರಲಿಲ್ಲ. ಹಳೆಯ ಕಾರುಗಳ ಕ್ಲಬ್ಬಿನ ಅಧ್ಯಕ್ಷರಾದ ಮರದ ವ್ಯಾಪಾರಿಯನ್ನು ಕಂಡು, ಅದೇ ಮಾದರಿಯ ಇನ್ನೊಂದು ಎಂಜಿನ್ ಎಲ್ಲಿದೆಯೆಂದು ಪತ್ತೆ ಮಾಡಿ, ಅವರನ್ನೇ ಮನೆಗೆ ಕರೆತಂದ. ಅಧ್ಯಕ್ಷರು ಬಿರುಕನ್ನು ನೋಡಿ ತಲೆಯಾಡಿಸಿದರು. "ಡಾಕ್ಟ್ರೇ, ಇದು ಗುಜರಿ. ಬೀಡು ಕಬ್ಬಿಣಕ್ಕೆ ಬೆಸುಗೆ ಹಾಕೋಕೆ ಹೋದ್ರೆ ಇನ್ನಷ್ಟು ಸೀಳುತ್ತೆ. ಬೇರೆ ಎಂಜಿನ್ ಕೂರಿಸಿ, ಯಾರಿಗೂ ಗೊತ್ತಾಗಲ್ಲ."

"ಬೆಸುಗೆ ಹಾಕಲ್ಲ" ಎಂದರು ಅತ್ತಿಗೆ. "ಹೊಲೀತೀನಿ."

"ಕಬ್ಬಿಣಾನ?"

"ಹಲ್ಲು ಬಿರುಕು ಬಿಟ್ಟಿದೆ ಅಂತ ಬಂದೋರಿಗೆಲ್ಲ ನಾನು ದವಡೆ ಬದಲಾಯಿಸಲ್ಲ ಅಲ್ವಾ?"

ಅಧ್ಯಕ್ಷರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಹೊರಟುಹೋದರು.

ಬಿಸಿ ತಾಗಿಸದೆ ಬಿರುಕು ಮುಚ್ಚುವ ಆ ವಿಧಾನ ಸರಳ, ಆದರೆ ತಪ್ಪಿಗೆ ಅವಕಾಶವಿಲ್ಲ. ಬಿರುಕಿನ ಎರಡು ತುದಿಗಳಲ್ಲೂ ಒಂದೊಂದು ತೂತು ಕೊರೆದು ಅದು ಮುಂದೆ ಓಡದಂತೆ ತಡೆಯಬೇಕು. ಆಮೇಲೆ ಗೆರೆಯ ಮೇಲೆ ಒಂದು ತೂತು ಕೊರೆದು, ತಿರುಪು ಕೂರಿಸಿ, ತಲೆ ಕತ್ತರಿಸಿ, ಆ ತಿರುಪಿನ ಅಂಚನ್ನೇ ಕಚ್ಚುವಂತೆ ಪಕ್ಕದ ತೂತು. ಹೀಗೆ ಒಂದರ ತೋಳನ್ನೊಂದು ಹಿಡಿದ ತಿರುಪುಗಳ ಸಾಲು ಗೆರೆಯನ್ನು ನುಂಗುತ್ತಾ ಹೋಗಬೇಕು. ಕೊರೆಯುವ ಕೈ ಒಮ್ಮೆ ಅಲುಗಿದರೆ ಬಿರುಕು ಹೊಸ ದಾರಿ ಹಿಡಿಯುತ್ತದೆ. ಆಗ ಅಧ್ಯಕ್ಷರು ಹೇಳಿದ್ದೇ ನಿಜವಾಗುತ್ತಿತ್ತು. ಗಂಡ ಒಡೆದದ್ದು ಎಂದೆಂದಿಗೂ ಒಡೆದೇ ಉಳಿಯುತ್ತಿತ್ತು. ಅತ್ತಿಗೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗುಜರಿಯಿಂದ ನೀರಿನ ಪಂಪಿನ ಒಡೆದ ಬೀಡು ತುಂಡೊಂದನ್ನು ತಂದು ಒಂದು ತಿಂಗಳು ಅದರ ಮೇಲೆ ಕೈ ಪಳಗಿಸಿದರು. ಆ ತುಂಡಿನ ಮೇಲೆ ಹೊಲಿಗೆಯ ಹತ್ತಾರು ಸಾಲು ಬಿದ್ದ ಮೇಲೆ ಒಂದು ದಿನ ಕೈತೊಳೆದು ಬಂದು, "ಕಲಿತೆ" ಎಂದರು. ಆ ಮಾತಿನಲ್ಲಿ ಜಂಬವಿರಲಿಲ್ಲ, ಅಳುಕೂ ಇರಲಿಲ್ಲ. ನಾವು ಪ್ರಯೋಗಾಲಯದಲ್ಲಿ ಫಲಿತಾಂಶ ಓದಿ ಹೇಳುವಂತಿತ್ತು.

ಎಂಜಿನ್ನಿನ ಕೆಲಸ ಆರು ಭಾನುವಾರ ಹಿಡಿಯಿತು. ಕೊರೆಯುವಾಗ ಅವರು ಮಾತನಾಡುತ್ತಿರಲಿಲ್ಲ. ಪ್ರತಿ ತಿರುಪೂ ಕೂತ ಮೇಲೆ ಮಾತ್ರ "ನೋವಾಯ್ತಾ?" ಎಂದು ವಾಡಿಕೆಯಂತೆ ಕೇಳಿ, ಮುಂದಿನದಕ್ಕೆ ಹೋಗುವರು. ಮುಗಿದ ಮೇಲೆ ಬಿಸಿನೀರು ತುಂಬಿಸಿ, ಬಾಯಿಗಳನ್ನೆಲ್ಲ ಬಿಗಿದು, ಸೈಕಲ್ ಪಂಪಿನಿಂದ ಗಾಳಿಯ ಒತ್ತಡ ಕೊಟ್ಟೆವು. ಪ್ರಯೋಗಾಲಯದ ಒತ್ತಡಮಾಪಕ ನಾನು ತಂದದ್ದು. ಅರ್ಧ ಗಂಟೆ ಕಳೆದರೂ ಮುಳ್ಳು ಕದಲಲಿಲ್ಲ, ಹೊಲಿಗೆಯ ಮೇಲೆ ಒಂದು ಹನಿಯೂ ಕಾಣಲಿಲ್ಲ. "ಅಣ್ಣನಿಗೆ ಹೇಳಿ ಬರ್ಲಾ?" ಎಂದೆ. "ಹೇಳಿದ್ರೆ ನಂಬಲ್ಲ ಕಣೋ. ಓಡಿಸಿದ್ರೆ ನಂಬ್ತಾರೆ" ಎಂದರು.

ಅಣ್ಣನನ್ನು ಹತ್ತಿಸುವುದು ಬೀಡು ಹೊಲಿಯುವುದಕ್ಕಿಂತ ಕಷ್ಟದ ಕೆಲಸ. ಅತ್ತಿಗೆ ವಾದಕ್ಕೇ ಇಳಿಯಲಿಲ್ಲ. ಕಾರನ್ನು ಬೀದಿಗೆ ತಂದು ನಿಲ್ಲಿಸಿ, ತಾವು ಪಕ್ಕದ ಸೀಟಿಗೆ ಸರಿದು ಕೂತು, ಚಾಲಕನ ಬಾಗಿಲನ್ನು ತೆರೆದೇ ಬಿಟ್ಟರು. ನಾನು ಹಿಂದೆ ಕೂತೆ. ಬಹಳ ಹೊತ್ತಾದ ಮೇಲೆ ಅಣ್ಣ ಗೇಟಿನ ತನಕ ಬಂದ.

"ಬೇರೆ ಯಾರನ್ನಾದರೂ ಕರಿ."

"ಬೇರೆಯವರು ಗೇರ್ ಮುರೀತಾರೆ."

"ನಾನು ಎಂಜಿನ್ನೇ ಮುರಿದೆ."

"ಅದಕ್ಕೇ ಹೇಳಿದ್ದು. ನೀವು ಮುರಿಯೋದು ಇನ್ನೇನೂ ಉಳಿದಿಲ್ಲ, ಹತ್ತಿ."

ಅಣ್ಣನಿಗೆ ನಗು ಬಂತು. ನಗುತ್ತಾ ಹತ್ತಿದವನು ಸ್ಟೀರಿಂಗ್ ಹಿಡಿಯುತ್ತಲೇ ಗಂಭೀರನಾದ. ಅತ್ತಿಗೆ ಗುಡ್ಡದ ದಾರಿಯನ್ನೇ ತೋರಿಸಿದರು. ಏರು ಶುರುವಾದ ಮೇಲೆ ಅವನ ಕಣ್ಣು ರಸ್ತೆಯ ಮೇಲೆ ನಿಲ್ಲದೆ, ಡ್ಯಾಶ್‌ಬೋರ್ಡಿನ ಉಷ್ಣಮಾಪಕಕ್ಕೇ ಅಂಟಿಕೊಂಡಿತು. ಎದುರಿಗೆ ಬಂದ ಸೈಕಲ್ಲಿನವನು ಚರಂಡಿಯ ಅಂಚಿಗೆ ಹೋಗಿ ಬದುಕಿಕೊಂಡ. ಅತ್ತಿಗೆ ತಮ್ಮ ಕರವಸ್ತ್ರ ತೆಗೆದು ಮಾಪಕದ ಮೇಲೆ ಇಳಿಬಿಟ್ಟರು.

"ಅದ್ಯಾಕೆ ಮುಚ್ಚಿದೆ?"

"ರಸ್ತೆ ನೀವು ನೋಡಿ, ಮುಳ್ಳು ನಾನು ನೋಡ್ತೀನಿ. ತೊಂಬತ್ತು ದಾಟಿದ್ರೆ ನಾನೇ ನಿಲ್ಲಿಸಿ ಅಂತೀನಿ."

"ನಿಜ ಹೇಳ್ತೀಯ ತಾನೆ?"

"ಸುಳ್ಳು ಹೇಳಿದ್ರೆ ಕಾರ್ ಕೇಳಿಸ್ಕೊಳ್ಳುತ್ತೆ."

ಹಳೆಯ ಯಂತ್ರಗಳ ಜೊತೆ ಬಹುಕಾಲ ಬಾಳಿದವರಿಗೆ ಒಂದು ಸ್ವಭಾವ ಕೂಡಿಬರುತ್ತದೆಂದು ನನಗನಿಸುತ್ತದೆ. ಒಡೆದದ್ದನ್ನು ಒಡೆದಿಲ್ಲವೆಂದು ಅವರು ನಟಿಸುವುದಿಲ್ಲ. ಯಾರು ಒಡೆದರೆಂದು ಮತ್ತೆ ಮತ್ತೆ ಕೇಳುವುದೂ ಇಲ್ಲ. ಎಲ್ಲಿ ಒಡೆಯಿತು, ಎಷ್ಟು ಉದ್ದ, ಯಾವ ಕಡೆಗೆ ಎಂದು ಕಣ್ಣಿಟ್ಟು ನೋಡಿ, ಅಷ್ಟನ್ನು ಮಾತ್ರ ಸರಿಪಡಿಸಿ, ಉಳಿದುದನ್ನು ಅದರ ಪಾಡಿಗೆ ಬಿಡುತ್ತಾರೆ. ಅವರ ಬಾಯಿಂದ ಸಾಂತ್ವನದ ಮಾತು ಕೇಳಿದವರು ಕಡಿಮೆ. ಅವರು ಹೇಳಿದ ಅಳತೆಯನ್ನು ಅನುಮಾನಿಸಿದವರನ್ನು ನಾನು ಕಂಡಿಲ್ಲ. ಅವರ ಜೊತೆ ಬದುಕುವವರಿಗೆ ಆ ಅಳತೆಯೇ ಒರಗಿಕೊಳ್ಳುವ ಗೋಡೆಯಾಗುತ್ತದೆ. ನಲ್ಲಿಯಿದ್ದ ಆ ತಿರುವಿಗೆ ಬಂದಾಗ ಅಣ್ಣ ಗೇರು ಇಳಿಸಿದ, ಹಲ್ಲುಗಳು ಸದ್ದಿಲ್ಲದೆ ಕೂಡಿಕೊಂಡವು. "ಈಗ ಎಷ್ಟು?" ಎಂದು ಕೇಳಿದ, ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು. ಅತ್ತಿಗೆ 'ಎಂಬತ್ತು' ಎಂದುಬಿಟ್ಟಿದ್ದರೂ ಆ ಹೊತ್ತಿಗೆ ಸಾಕಾಗುತ್ತಿತ್ತು. ಅವರು ಕರವಸ್ತ್ರದ ತುದಿಯನ್ನೆತ್ತಿ, ಕನ್ನಡಕ ಸರಿಪಡಿಸಿಕೊಂಡು, ಬಲಕ್ಕೆ ಕೊಂಚ ಬಗ್ಗಿ ನೋಡಿ ಹೇಳಿದರು:

"ಎಂಬತ್ತೆರಡು."